ಅಕ್ಕ ಸುತ್ತಿದ ಗಿಟಾರು

ನನ್ನ ಅಕ್ಕ ಒಂದು ಎಲೆಕ್ಟ್ರಿಕ್ ಗಿಟಾರು ಮಾಡಿದ್ದಾಳೆ. ಈ ಮಾತನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಉತ್ತರ ಚಿಕ್ಕದು: ಭಾವನಿಗೆ ನುಡಿಸಲು ಒಂದು ಬೇಕಾಗಿತ್ತು. ಅದು ನುಡಿಯುವಂತಾದ ಬಗೆಯನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿಗಳನ್ನು ತಿದ್ದುವುದರಲ್ಲೇ ನನ್ನ ಕೆಲಸದ ವರ್ಷಗಳು ಕಳೆದವು, ಅದೂ ತಮಿಳಿನಲ್ಲಿ. ಮನೆಯ ಮಾತಿನಲ್ಲಿ ಬರೆಯಲು ಕಲಿತದ್ದು ತಡವಾಗಿ. ಅಕ್ಕನಿಗೆ ಇದನ್ನು ನಾನೇ ಓದಿ ಹೇಳಬೇಕು. ಅವಳಿಗೆ ಕನ್ನಡ ಬರುತ್ತದೆ, ಅಕ್ಷರ ಬಾರದು.

ನಮ್ಮದು ತಮಿಳುನಾಡಿನ ಕೊಯಮತ್ತೂರು ಕಡೆ ನೆಲೆಸಿದ, ಮನೆಯಲ್ಲಿ ಕನ್ನಡವಾಡುವ ನೇಯ್ಗೆಯ ಮನೆತನ. ಅಪ್ಪನ ಕಾಲಕ್ಕೆ ಕೈಮಗ್ಗ, ಭಾವನ ಕಾಲಕ್ಕೆ ಪವರ್‌ಲೂಮು. ಸೋಮನೂರಿನ ಹತ್ತಿರ ಅಕ್ಕ–ಭಾವನ ಮನೆಯ ಮುಂಗೋಣೆಯಲ್ಲಿ ಎರಡು ಲೂಮುಗಳಿದ್ದವು. ಮೊದಲ ಸಲ ಹೋದವರಿಗೆ ಆ ಸದ್ದಿನಿಂದ ತಲೆನೋವು ಬರುತ್ತಿತ್ತು. ಎರಡು ದಿನ ಇದ್ದರೆ ಸದ್ದು ಕೇಳಿಸುವುದೇ ನಿಲ್ಲುತ್ತಿತ್ತು. ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಭಾವ ಲೂಮಿನ ಪಕ್ಕದಲ್ಲೇ ಚಾಪೆ ಹಾಕಿ ಮಲಗುತ್ತಿದ್ದರು. ನೂಲು ಕಡಿದು ಲೂಮು ನಿಂತರೆ ತಟ್ಟನೆ ಏಳುತ್ತಿದ್ದರು. ಅವರನ್ನು ಎಬ್ಬಿಸುತ್ತಿದ್ದದ್ದು ಸದ್ದಲ್ಲ, ಸದ್ದು ನಿಲ್ಲುವುದು.

ವಾರದ ರಜೆಯ ದಿನ ಅದೇ ಭಾವ ಬಿಳಿ ಪ್ಯಾಂಟು ಹಾಕಿಕೊಂಡು, ತಲೆಗೆ ಎಣ್ಣೆಯ ಬದಲು ನೀರು ಸವರಿಕೊಂಡು ಹೊರಡುತ್ತಿದ್ದರು. ಮದುವೆಗಳಲ್ಲಿ ಹಾಡುವ ಒಂದು ಲಘುಸಂಗೀತ ತಂಡದಲ್ಲಿ ಅವರು ಗಿಟಾರು ನುಡಿಸುತ್ತಿದ್ದರು. ಗಿಟಾರು ತಂಡದ ಯಜಮಾನನದು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಕೈಗೆ ಬರುತ್ತಿತ್ತು, ಮುಗಿದ ಕೂಡಲೇ ಪೆಟ್ಟಿಗೆ ಸೇರುತ್ತಿತ್ತು. ಮನೆಯಲ್ಲಿ ಅಭ್ಯಾಸಕ್ಕೆಂದು ಅವರು ಅಡ್ಡಪಟ್ಟಿ ಕೊರೆದ ಒಂದು ಮರದ ತುಂಡನ್ನು ಇಟ್ಟುಕೊಂಡಿದ್ದರು. ಅದಕ್ಕೆ ತಂತಿಯೇ ಇರಲಿಲ್ಲ. ಲೂಮು ನೋಡಿಕೊಳ್ಳುತ್ತಲೇ ಅದರ ಮೇಲೆ ಬೆರಳು ಓಡಿಸುತ್ತಿದ್ದರು. ತಂತಿ ಇದ್ದಿದ್ದರೂ ಆ ಸದ್ದಿನಲ್ಲಿ ಯಾರಿಗೆ ಕೇಳಿಸುತ್ತಿತ್ತು?

ತಂಡ ಮುರಿಯಿತು. ಮದುವೆ ಮಂಟಪಗಳಿಗೆ ಧ್ವನಿಮುದ್ರಿತ ಸಂಗೀತ ಬಂತು, ಯಜಮಾನ ಗಿಟಾರನ್ನು ಯಾರಿಗೋ ಕೊಟ್ಟ. ಮುಂದೆ ಲೂಮುಗಳೂ ಹೋದವು. ಮುಂಗೋಣೆ ಖಾಲಿಯಾದ ಮೊದಲ ವಾರ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ ಎಂದು ಅಕ್ಕ ಹೇಳಿದ್ದು ನೆನಪಿದೆ.

ಅಕ್ಕನ ಕೆಲಸ ಬೇರೆ. ಮದುವೆಗೆ ಮೊದಲೇ ಕೊಯಮತ್ತೂರಿನ ಒಂದು ಪಂಪ್‌ಸೆಟ್ ವರ್ಕ್‌ಶಾಪಿಗೆ ಸೇರಿದ್ದಳು, ನಿವೃತ್ತಿಯ ವಯಸ್ಸಿನವರೆಗೂ ಅಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದಳು. ಉದ್ದನೆಯ ಮೇಜು, ಎರಡೂ ಕಡೆ ಹೆಂಗಸರು, ಪ್ರತಿಯೊಬ್ಬರ ಮುಂದೆ ಒಂದು ಕಬ್ಬಿಣದ ಬಳೆ. ಅದರ ಸೀಳುಗಳಲ್ಲಿ ತಂತಿಯ ಸುರುಳಿಯನ್ನು ಕೂರಿಸಬೇಕು. ತಂತಿಯ ಮೇಲಿನ ವಾರ್ನಿಶ್ ಎಲ್ಲಾದರೂ ತರಚಿ, ತಾಮ್ರ ಕಬ್ಬಿಣಕ್ಕೆ ತಾಗಿದರೆ ಮೋಟಾರಿನ ಮೈಗೆಲ್ಲ ಕರೆಂಟು ಬರುತ್ತದೆ. ಅದಕ್ಕೆ ಅಲ್ಲಿಯ ಮಾತಿನಲ್ಲಿ ‘ಬಾಡಿ ಹಿಡಿಯುವುದು’ ಎನ್ನುತ್ತಾರೆ. ಪರೀಕ್ಷೆಗೆ ಒಂದು ಬಲ್ಬು, ಎರಡು ವೈರು. ಒಂದು ತುದಿ ಸುರುಳಿಗೆ, ಇನ್ನೊಂದು ಕಬ್ಬಿಣಕ್ಕೆ. ಬಲ್ಬು ಹತ್ತಬಾರದು. ಹತ್ತಿದರೆ ಇಡೀ ದಿನದ ಕೆಲಸ ಕತ್ತರಿಸಿ ಬಿಸಾಡಬೇಕು.

ಆ ಬಲ್ಬಿನ ಬಗ್ಗೆ ಅಕ್ಕನಿಗೆ ಇದ್ದ ಹೆದರಿಕೆಗೆ ಕಾರಣ ಒಂದು ಹಸು. ಈ ವಿಷಯವನ್ನು ನಾನು ಅವಳ ಜೊತೆ ಕೆಲಸ ಮಾಡಿದ ಇಬ್ಬರಲ್ಲಿ ವಿಚಾರಿಸಿದ್ದೇನೆ, ಇಬ್ಬರೂ ಹೇಳಿದ್ದು ಬಹುಮಟ್ಟಿಗೆ ಒಂದೇ. ತೊಂಡಾಮುತ್ತೂರಿನ ಕಡೆಯ ಒಂದು ತೋಟದಲ್ಲಿ ಬಾವಿಯ ಪಂಪಿನ ಪೈಪಿಗೆ ಬಾಯಿ ಹಾಕಿದ ಹಸು ಅಲ್ಲೇ ಬಿದ್ದು ಸತ್ತಿತು. ಮೋಟಾರು ವರ್ಕ್‌ಶಾಪಿಗೆ ವಾಪಸು ಬಂತು. ಬಿಚ್ಚಿ ನೋಡಿದರೆ ಒಂದು ಸೀಳಿನ ಬಾಯಲ್ಲಿ ತಂತಿ ತರಚಿತ್ತು. ಯಾರು ಸುತ್ತಿದ್ದೆಂದು ಎಲ್ಲೂ ಬರೆದಿರಲಿಲ್ಲ. ಆ ತೋಟದಲ್ಲಿ ಪಂಪಿಗೆ ಅರ್ತಿಂಗನ್ನೇ, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವೈರನ್ನೇ, ಹಾಕಿರಲಿಲ್ಲ ಎಂಬುದೂ ಗೊತ್ತಾಯಿತು. ಹಾಕಿದ್ದರೆ ಬಹುಶಃ ಹಸು ಉಳಿಯುತ್ತಿತ್ತು. ಆದರೆ ಅಕ್ಕ, ಅದು ತಯಾರಾದ ವಾರ ಆ ಅಳತೆಯ ಮೋಟಾರುಗಳು ತನ್ನ ಮೇಜಿನಲ್ಲೇ ಇದ್ದವು ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ. ತಾನೇ ಹೇಳಿದಳು. ಅಲ್ಲಿಂದ ಮುಂದೆ ಪ್ರತಿ ಸುರುಳಿಯನ್ನೂ ಎರಡು ಸಲ ಬಲ್ಬಿಗೆ ಒಡ್ಡುತ್ತಿದ್ದಳು.

ನನ್ನ ಮಗಳ ಮದುವೆ ಗೊತ್ತಾದಾಗ ಅವಳು ಭಾವನಲ್ಲಿ ಒಂದು ಬೇಡಿಕೆ ಇಟ್ಟಳು. ಸಂಜೆಯ ಆರತಕ್ಷತೆಯಲ್ಲಿ ಮಾಮ ಗಿಟಾರಿನಲ್ಲಿ ಒಂದು ಹಾಡು ನುಡಿಸಬೇಕು. ಚಿಕ್ಕವಳಿದ್ದಾಗ ತಂತಿಯಿಲ್ಲದ ಆ ಮರದ ತುಂಡಿನ ಮೇಲೆ ಅವರು ನುಡಿಸುವುದನ್ನು ನೋಡಿದ್ದಳೇ ಹೊರತು ನಿಜವಾದದ್ದನ್ನು ಕೇಳಿರಲಿಲ್ಲ. ಭಾವ ಮೊದಲು ಆಗದು ಎಂದರು, ಬೆರಳು ಮರಗಟ್ಟಿವೆ ಎಂದರು, ಆಮೇಲೆ ಬಾಡಿಗೆಗೆ ಒಂದು ಗಿಟಾರು ಸಿಗುತ್ತದೆಯೇ ನೋಡು ಎಂದು ನನಗೆ ಫೋನು ಮಾಡಿದರು. ಪಕ್ಕದಿಂದ ಅಕ್ಕನ ದನಿ ಕೇಳಿಸಿತು.

“ಬಾಡಿಗೆದು ಬ್ಯಾಡ. ಜೀವಮಾನ ಎಲ್ಲಾ ಊರೋರದೇ ಹಿಡ್ಕೊಂಡಾಯ್ತು. ಇದೇನು, ಮರ, ತಂತಿ, ಕಾಯಿಲ್ ತಾನೆ? ನಾನು ಮಾಡ್ತೀನಿ.”

ಮಾಡಿದಳು. ಲೂಮುಗಳು ಹೋದಾಗ ಲಾಳಿ ಓಡಾಡುತ್ತಿದ್ದ ಮರದ ಹಲಗೆಗಳನ್ನು ಭಾವ ಉಳಿಸಿಕೊಂಡಿದ್ದರು. ಅವನ್ನು ತುಂಡು ಮಾಡಿ, ಪಕ್ಕಪಕ್ಕಕ್ಕೆ ಅಂಟಿಸಿ, ಗಿಟಾರಿನ ಮೈ ಆಯಿತು. ಲಾಳಿ ಉಜ್ಜಿ ಉಜ್ಜಿ ನುಣುಪಾದ ಜಾಡು ಈಗಲೂ ಅದರ ಮುಖದ ಮೇಲೆ ಕಾಣುತ್ತದೆ. ಕತ್ತನ್ನು ಮಾತ್ರ ಒಡೆದ ಹಳೆಯ ಗಿಟಾರಿನಿಂದ ತಂದದ್ದು. ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ಹಿಡಿಯುವ ಸುರುಳಿ, ಅಂದರೆ ಪಿಕಪ್, ಅಕ್ಕನ ಕೆಲಸ. ಅದಕ್ಕೆ ಬೇಕಾದದ್ದು ಕೂದಲಿಗಿಂತ ತೆಳ್ಳನೆಯ ತಂತಿ, ಸಾವಿರಾರು ಸುತ್ತು. ಅಮ್ಮ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ರಾಟೆಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಅದರಲ್ಲೇ ಸುತ್ತಿದಳು. ನೂರು ಸುತ್ತಿಗೊಂದು ಹುಣಸೆ ಬೀಜ ಪಕ್ಕಕ್ಕೆ ಇಡುತ್ತಿದ್ದಳು. ಆ ದಿನಗಳಲ್ಲಿ ಒಮ್ಮೆ ನಾನು ಹೋಗಿ ಬಾಗಿಲಲ್ಲಿ ನಿಂತು ಕರೆದೆ. ಅವಳು ತಲೆ ಎತ್ತಲಿಲ್ಲ, ಎಡಗೈಯ ಒಂದು ಬೆರಳು ಎತ್ತಿದಳು. ಅಮ್ಮನೂ ಹಾಗೆಯೇ ಮಾಡುತ್ತಿದ್ದಳು. ಆ ಬೀಜ ಪಕ್ಕಕ್ಕೆ ಹೋಗುವವರೆಗೆ ನಾನು ಬಾಗಿಲಲ್ಲೇ ನಿಂತೆ. ಮೂರು ಸಲ ತಂತಿ ಕಡಿಯಿತು. ನಾಲ್ಕನೆಯದು ಮುಗಿಯಿತು.

ವೈರಿಂಗ್ ಮುಗಿದ ಮೇಲೆ ಅಕ್ಕ ತನ್ನ ಬಲ್ಬು ತಂದಳು. ಒಂದು ತುದಿ ವೈರಿಗೆ, ಇನ್ನೊಂದು ಗಿಟಾರಿನ ತಂತಿಗೆ. ಬಲ್ಬು ಹತ್ತಲಿಲ್ಲ. ತಂತಿಗಳನ್ನು ಹೊತ್ತ ಉಕ್ಕಿನ ಸೇತುವೆಗೆ ಇಟ್ಟಳು, ಹತ್ತಲಿಲ್ಲ. ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಯ ಲೋಹದ ಡಬ್ಬಿಗೆ ಇಟ್ಟಳು, ಹತ್ತಲಿಲ್ಲ. ಎಲ್ಲವನ್ನೂ ಇನ್ನೊಮ್ಮೆ ನೋಡಿದಳು. ಕೈ ತಾಗುವ ಯಾವ ಲೋಹಕ್ಕೂ ಒಳಗಿನ ವೈರಿನ ಸಂಪರ್ಕ ಇರಲಿಲ್ಲ. ಅಷ್ಟು ಅಚ್ಚುಕಟ್ಟಾದ ವೈಂಡಿಂಗ್ ಕೆಲಸವನ್ನು ವರ್ಕ್‌ಶಾಪು ಎಂದೂ ತಿರಸ್ಕರಿಸುತ್ತಿರಲಿಲ್ಲ.

ಮದುವೆಗೆ ಧ್ವನಿವರ್ಧಕ ಹಾಕಲು ಒಪ್ಪಿಕೊಂಡಿದ್ದವನು ಭಾವನ ಹಳೆಯ ಪರಿಚಯದವನು. ಅವನು ಅಭ್ಯಾಸಕ್ಕೆ ಒಂದು ಸಣ್ಣ ಆಂಪ್ಲಿಫೈಯರ್ ತಂದುಕೊಟ್ಟ. ಗಿಟಾರಿನ ವೈರು ಸಿಕ್ಕಿಸಿ ಸ್ವಿಚ್ಚು ಹಾಕಿದ್ದೇ ತಡ, ಮುಂಗೋಣೆಯಲ್ಲಿ ಗುಂಯ್ಯೆಂಬ ಸದ್ದು ತುಂಬಿತು. ತಂತಿಯ ಮೇಲೆ ಕೈ ಇಟ್ಟರೆ ಇನ್ನೂ ಹೆಚ್ಚಾಯಿತು. ಆ ಸದ್ದಿನೊಳಗಿಂದಲೇ ಭಾವ ನುಡಿಸಿದರು. ಸ್ವರಗಳು ಸರಿಯಾಗಿದ್ದವು, ಆದರೆ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಯಾರೋ ನುಡಿಸಿದಂತೆ ಕೇಳುತ್ತಿತ್ತು. ಅವರು ಬಹಳ ಸಂತೋಷದಲ್ಲಿದ್ದರು.

“ತರಿ ಓಡ್ದಂಗೆ ಐತೆ,” ಎಂದರು. ನಮ್ಮ ಮನೆಗಳಲ್ಲಿ ಲೂಮಿಗೆ ತಮಿಳಿನವರಂತೆ ತರಿ ಎಂದೇ ಹೇಳುವುದು. “ಇರ್ಲಿ ಬಿಡು. ನಿಂತ್ರೆ ತಾನೆ ಬಯ?”

“ನಿಮ್ ಕಿವಿಗೆ ಎಲ್ಲಾ ತರಿನೇ,” ಎಂದಳು ಅಕ್ಕ.

ಧ್ವನಿವರ್ಧಕದವನು ಭಾವನಿಗೆ ನೋವಾಗದಂತೆ ನನ್ನನ್ನು ಹೊರಗೆ ಕರೆದು ತಮಿಳಿನಲ್ಲಿ ಹೇಳಿದ. ಇಷ್ಟು ಚಿಕ್ಕ ಕೋಣೆಯಲ್ಲೇ ಹೀಗಾದರೆ ಮಂಟಪದ ದೊಡ್ಡ ಸ್ಪೀಕರುಗಳಲ್ಲಿ ಕೂರಲಾಗದು. ತಾನು ಒಂದು ಗಿಟಾರು ತರುತ್ತೇನೆ, ಅಣ್ಣ ಅದರಲ್ಲೇ ನುಡಿಸಲಿ. ಅಕ್ಕ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಅವನ ಮಾತು ಅವಳ ಕಿವಿಗೆ ಬಿದ್ದಿರಲಾರದು. ತುಟಿ ಕಂಡಿತ್ತು.

ಎರಡು ದಿನದ ನಂತರ ಅವರಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಶರವಣಂಪಟ್ಟಿಗೆ ಹೋದೆ. ಅಲ್ಲಿ ಐಟಿ ಕಂಪನಿಗಳ ಬೀದಿಯ ಹಿಂದೆ ಒಬ್ಬರು ವಾದ್ಯಗಳ ರಿಪೇರಿ ಮಾಡುತ್ತಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಐವತ್ತರ ಹತ್ತಿರದ ಮನುಷ್ಯ, ದಾವಣಗೆರೆಯ ಕಡೆಯವರು. ನಾವು ಒಳಗೊಳಗೇ ಮಾತಾಡಿದ್ದನ್ನು ಕೇಳಿ ಕನ್ನಡದಲ್ಲೇ ಮಾತು ಶುರುಮಾಡಿದರು. ಭಾವ ನನ್ನ ಕಿವಿಯಲ್ಲಿ, ಅಂದರೆ ಕೋಣೆಗೆಲ್ಲ ಕೇಳುವಂತೆ, ಇವರು ರೇಡಿಯೋದಲ್ಲಿ ಬರುವವರಂತೆ ಮಾತಾಡುತ್ತಾರೆ ಎಂದರು.

ಅವರು ಗಿಟಾರಿನ ಬೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು. ಯಾರು ಸುತ್ತಿದ್ದು ಎಂದು ಕೇಳಿದರು. ಇಷ್ಟು ಒಳ್ಳೆಯ ಕೈಕೆಲಸ ತಾನು ನೋಡಿಲ್ಲ, ಆದರೆ ಒಂದು ವೈರು ಹಾಕಲು ಮರೆತಿದ್ದೀರಿ ಎಂದರು.

“ಮರ್ತಿಲ್ಲ. ಬ್ಯಾಡಾಂತ ಬಿಟ್ಟಿದ್ದು,” ಎಂದಳು ಅಕ್ಕ.

ಗಿಟಾರನ್ನು ಅಲ್ಲಿದ್ದ ಆಂಪ್ಲಿಫೈಯರಿಗೆ ಸಿಕ್ಕಿಸಿ, ಅದು ಗುಂಯ್ ಎನ್ನುತ್ತಿರುವಾಗಲೇ ಅವರು ಎರಡು ತುದಿಗೂ ಕಚ್ಚಿ ಹಿಡಿಯುವ ಚಿಮಟ ಇದ್ದ ಒಂದು ಸಣ್ಣ ವೈರನ್ನು ತೆಗೆದುಕೊಂಡರು. ಒಂದು ಚಿಮಟವನ್ನು ಉಕ್ಕಿನ ಸೇತುವೆಗೆ, ಇನ್ನೊಂದನ್ನು ಸುರುಳಿಯ ಒಂದು ತುದಿ ಸೇರಿದ್ದ ಕಡೆಗೆ ಕಚ್ಚಿಸಿದರು. ತಂತಿಯ ಮೇಲೆ ಅಂಗೈ ಇಟ್ಟರು. ಗುಂಯ್‌ಗುಡುವಿಕೆ ಇಳಿದುಹೋಯಿತು. ಪೂರ್ತಿ ಅಲ್ಲ, ಮುಚ್ಚಿದ ಬಾಗಿಲಿನಾಚೆ ಫ್ರಿಜ್ಜು ಇದ್ದಷ್ಟು ಉಳಿಯಿತು. ಭಾವ ಬೆಚ್ಚಿ ಸುತ್ತ ನೋಡಿದರು.

“ಏನಾಯ್ತು? ನಿಂತೋಯ್ತಾ?”

ರಿಪೇರಿಯವರು ವಿವರಿಸಿದರು. ಕೋಣೆಯ ಗೋಡೆಗಳಲ್ಲೆಲ್ಲ ಕರೆಂಟು ಹರಿಯುತ್ತದೆ, ಅದರ ಸದ್ದನ್ನು ಗಾಳಿಯಿಂದ ಲೋಹವೆಲ್ಲ ಹಿಡಿಯುತ್ತದೆ, ನುಡಿಸುವವರ ಮೈಯೂ ಹಿಡಿಯುತ್ತದೆ. ತಂತಿ, ಸೇತುವೆ, ಗುಂಡಿಯ ಡಬ್ಬಿ ಇವನ್ನೆಲ್ಲ ಒಂದೇ ಕಡೆ ಜೋಡಿಸಿ ಆಂಪ್ಲಿಫೈಯರಿನ ನೆಲಕ್ಕೆ, ಅಂದರೆ ಅರ್ತಿಂಗಿಗೆ, ಕೊಟ್ಟರೆ ಆ ಸದ್ದು ಅಲ್ಲಿಗೆ ಇಳಿದುಹೋಗುತ್ತದೆ. ಗಿಟಾರಿಗೆ ಇದೇ ಕ್ರಮ. ಸುರುಳಿಯ ಒಂದು ತುದಿಯನ್ನು ‘ಬಾಡಿ’ಗೆ, ಅಂದರೆ ಈ ಲೋಹಕ್ಕೆ, ಸೇರಿಸಲೇಬೇಕು. ಮೋಟಾರಿನಲ್ಲಿ ಯಾವುದು ತಪ್ಪೋ ಇಲ್ಲಿ ಅದೇ ಸರಿ.

ಅಕ್ಕ ಚಿಮಟ ತೆಗೆದಳು, ಸದ್ದು ಬಂತು. ಹಾಕಿದಳು, ಹೋಯಿತು. ಮೂರು ನಾಲ್ಕು ಸಲ ಹಾಗೆ ಮಾಡಿದಳು.

“ನೆಲದ ಕಡಿಂದ ಕರೆಂಟು ವಾಪಸ್ ಬಂದ್ರೆ?” ಎಂದು ಕೇಳಿದಳು. “ಇವರ ಬೆರಳಿಗೆ ತಾನೆ ಬರೋದು?”

ಅವರು ನಗಲಿಲ್ಲ. “ನೀವು ಹೆದರೋದ್ರಲ್ಲಿ ತಪ್ಪಿಲ್ಲ. ಗಿಟಾರಿನೊಳಗೆ ಅಪಾಯ ಏನೂ ಇಲ್ಲ. ಆದ್ರೆ ಗೋಡೆಯ ಅರ್ತಿಂಗ್ ಸರಿ ಇಲ್ದೆ, ಆಂಪ್ಲಿಫೈಯರೂ ಕೆಟ್ಟಿದ್ರೆ, ಬರುತ್ತೆ.”

ಬೆಸುಗೆ ಹಾಕಿಕೊಡಲೇ ಎಂದು ಕೇಳಿದರು. ಅಕ್ಕ ಬೇಡ ಎಂದಳು. ಚಿಮಟದ ವೈರನ್ನು ಬಿಚ್ಚಿ ಅವರ ಮೇಜಿನ ಮೇಲಿಟ್ಟಳು.

ವಾಪಸು ಬರುವಾಗ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು, ಭಾವ ಹಿಂದೆ, ಗಿಟಾರನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ಅವಳು ನನಗೆ ಮೆಲ್ಲಗೆ ಹೇಳಿದಳು: ಬಾಡಿಗೆಯದರಲ್ಲೇ ನುಡಿಸಲಿ, ಅದರ ವೈರು ಯಾರು ಹಾಕಿದರೋ, ತಾನಂತೂ ಅಲ್ಲ, ಒಂದು ಹಸು ಸಾಕು. ಭಾವ ಕನ್ನಡಿಯಲ್ಲಿ ಅವಳ ತುಟಿ ನೋಡುತ್ತಿದ್ದರು.

“ಹಸುಗೆ ಹಾಲಾದ್ರೂ ಇತ್ತು,” ಎಂದರು ಹಿಂದಿನಿಂದ. “ನಾನು ಹೋದ್ರೆ ಯಾರಿಗೆ ನಷ್ಟ?”

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಸೂಲೂರು ದಾಟಿತು. ಆಮೇಲೆ ಭಾವ, ಎಂದಿನ ಜೋರು ದನಿಯಲ್ಲೇ ಹೇಳಿದರು.

“ಇದು ನಂದು. ನುಡ್ಸಿದ್ರೆ ಇದ್ರಾಗೆ ನುಡ್ಸೋದು. ಇಲ್ದಿದ್ರೆ ಬ್ಯಾಡ.”

ಮದುವೆಗೆ ಮೂರು ವಾರ ಉಳಿದಿತ್ತು. ಆ ಮೂರು ವಾರವೂ ಅಕ್ಕ ಗಿಟಾರಿನ ಬೆನ್ನು ಮುಚ್ಚಲಿಲ್ಲ. ಸೇತುವೆಯ ಕೆಳಗಿನಿಂದ ಸಣ್ಣ ರಂಧ್ರ ಕೊರೆದು ಒಂದು ವೈರು ಎಳೆದಳು. ಅದರ ಇನ್ನೊಂದು ತುದಿಯನ್ನು ಮಾತ್ರ ಜೋಡಿಸದೆ, ಬಟ್ಟೆಯ ಟೇಪು ಸುತ್ತಿ ಬಿಟ್ಟಳು. ಕೇಳಿದರೆ, ಮಂಟಪದ ಅರ್ತಿಂಗ್ ನೋಡಿದ ಮೇಲೆ ಎಂದಳು. ಭಾವ ಪ್ರತಿದಿನ ಬೆಳಿಗ್ಗೆ ಆಂಪ್ಲಿಫೈಯರ್ ಇಲ್ಲದೆ ನುಡಿಸುತ್ತಿದ್ದರು. ನಮಗೆ ಅದು ಕಾಲು ಭಾಗ ಕೇಳುತ್ತಿತ್ತು, ಲೂಮಿನ ಸದ್ದಿನಲ್ಲಿ ಕಿವಿ ಮಂದವಾಗಿದ್ದ ಅವರಿಗೆ ಅದೂ ಇಲ್ಲ.

ಮಂಟಪ ಕಾರಮಡೈನಲ್ಲಿ. ಆರತಕ್ಷತೆಯ ಮಧ್ಯಾಹ್ನ, ನೆಂಟರು ಇನ್ನೂ ಬರುತ್ತಿರುವಾಗ, ಅಕ್ಕ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಬಲ್ಬು ಹಿಡಿದು ವೇದಿಕೆಯ ಹಿಂದೆ ಹೋದಳು. ನಾನೂ ಹೋದೆ. ಈ ಪರೀಕ್ಷೆಯಲ್ಲಿ ಲೆಕ್ಕ ಉಲ್ಟಾ. ಒಂದು ತುದಿ ಕರೆಂಟಿಗೆ, ಇನ್ನೊಂದು ಅರ್ತಿಂಗಿಗೆ. ಬಲ್ಬು ಹತ್ತಬೇಕು, ಚೆನ್ನಾಗಿ ಹತ್ತಬೇಕು. ಅದು ಬೀಡಿಯ ತುದಿಯಷ್ಟು ಕೆಂಪಗೆ ಹತ್ತಿತು. ಧ್ವನಿವರ್ಧಕದವನು, ಎಲ್ಲ ಮಂಟಪಗಳಲ್ಲೂ ಹೀಗೇ ಅಕ್ಕಾ, ಇಲ್ಲಿವರೆಗೆ ಯಾರಿಗೂ ಏನೂ ಆಗಿಲ್ಲ ಎಂದು ತಮಿಳಿನಲ್ಲಿ ಹೇಳಿದ. ಅಕ್ಕ ಅರ್ತಿಂಗಿನ ವೈರು ನೆಲಕ್ಕಿಳಿಯುವ ಗುಂಡಿ ಎಲ್ಲಿದೆ ಎಂದು ಕಾವಲುಗಾರನನ್ನು ಕೇಳಿದಳು.

ಜನರೇಟರಿನ ಹಿಂದೆ, ಬಾಳೆ ಎಲೆಗಳ ರಾಶಿಯ ಕೆಳಗೆ ಗುಂಡಿ ಸಿಕ್ಕಿತು. ಮಣ್ಣು ಬಿರುಕು ಬಿಟ್ಟಿತ್ತು. ಒಣ ಮಣ್ಣಿಗೆ ಕರೆಂಟು ಸರಿಯಾಗಿ ಇಳಿಯುವುದಿಲ್ಲ, ಅಲ್ಲಿಗೆ ಉಪ್ಪು ಬೆರೆಸಿ ನೀರು ಹಾಕಬೇಕೆಂಬುದು ಯಾರ ನೆನಪಿನಲ್ಲೂ ಇರಲಿಲ್ಲ. ನಾನು ಬಕೆಟ್ಟಿನಲ್ಲಿ ನೀರು ಹೊತ್ತೆ. ಅಕ್ಕ ಅಡುಗೆಯವರಿಂದ ಕಲ್ಲುಪ್ಪಿನ ಚೀಲ ತಂದಳು. ಹಿರಿಯ ಅಡುಗೆಯವರು ಹಿಂದೆಯೇ ಬಂದು ಸೊಂಟಕ್ಕೆ ಕೈ ಇಟ್ಟು ನಿಂತು, ಸಾಂಬಾರಿಗೆ ಇಟ್ಟದ್ದನ್ನು ನೆಲಕ್ಕೆ ಹಾಕುವವರನ್ನು ಈಗಲೇ ನೋಡಿದ್ದು ಎಂದರು. ಎಂಟು ಬಕೆಟ್ಟು ಹಾಕಿದೆವು. ಹೆಣ್ಣಿನ ತಂದೆ ಒದ್ದೆ ಪಂಚೆಯಲ್ಲಿ ಬಕೆಟ್ಟು ಹಿಡಿದು ನಿಂತದ್ದನ್ನು ಬೀಗರು ನೋಡಿದರು.

ಅರ್ಧ ಗಂಟೆ ಕಾದು ಅಕ್ಕ ಮತ್ತೆ ಬಲ್ಬು ಹಿಡಿದಳು. ಬೆಳ್ಳಗೆ ಹತ್ತಿತು. ಆಂಪ್ಲಿಫೈಯರಿನ ಮೈಯಿಂದ ಅರ್ತಿಂಗಿಗೆ ವೈರು ಹೋಗಿದೆಯೇ ಎಂದು ನೋಡಿದಳು, ಎರಡು ಸಲ. ಆಮೇಲೆ ಹೆಣ್ಣಿನ ಅಲಂಕಾರದ ಕೋಣೆಗೆ ಹೋಗಿ, ಕೂದಲು ಒಣಗಿಸುವ ಯಂತ್ರವನ್ನು ಕಿತ್ತು ಅದೇ ಸಾಕೆಟ್ಟಿಗೆ ಬೆಸುಗೆಯ ಕಡ್ಡಿ ಸಿಕ್ಕಿಸಿದಳು. ನನ್ನ ಮಗಳು ಮಲ್ಲಿಗೆ ಮುಡಿಸಿಕೊಳ್ಳುತ್ತ ಕನ್ನಡಿಯಲ್ಲಿ ನೋಡುತ್ತಿದ್ದಳು. ಅಕ್ಕ ಟೇಪು ಬಿಚ್ಚಿ, ವೈರಿನ ತುದಿಯನ್ನು ಸದ್ದಿನ ಗುಂಡಿಯ ಡಬ್ಬಿಯ ಬೆನ್ನಿಗೆ ಇಟ್ಟು, ಸುರುಳಿಯ ಒಂದು ತುದಿಯನ್ನೂ ಅಲ್ಲಿಗೇ ಸೇರಿಸಿ, ಬೆಸುಗೆ ಹಾಕಿದಳು. ಬೆಸುಗೆಯ ರಾಳದ ವಾಸನೆ ಮಲ್ಲಿಗೆಯ ಜೊತೆ ಸೇರಿತು. ಈಗಲೂ ಆ ಎರಡು ವಾಸನೆಗಳಲ್ಲಿ ಒಂದು ಬಂದರೆ ಇನ್ನೊಂದನ್ನು ಹುಡುಕುತ್ತೇನೆ.

ಸಂಜೆ ವೇದಿಕೆಯ ಮೇಲೆ ಗಿಟಾರಿನ ವೈರು ಸಿಕ್ಕಿಸಿದಾಗ ಗುಂಯ್ ಎಂದಿತು. ಭಾವ ಕೈ ಚಾಚಿದರು. ಅಕ್ಕ ಅವರ ಕೈಯನ್ನು ಸರಿಸಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು, ಮೊದಲು ತಾನೇ ತಂತಿಗಳ ಮೇಲೆ ಅಂಗೈ ಇಟ್ಟಳು. ಕಣ್ಣು ಮುಚ್ಚಿದ್ದಳು. ಸದ್ದು ಇಳಿಯಿತು. ಅಷ್ಟು ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿನವರ ಮಾತು ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ಕೇಳಿಸಿತು. ಅವಳು ಕೈ ತೆಗೆಯದೆ ಒಂದೆರಡು ನಿಮಿಷ ಹಾಗೇ ನಿಂತಿದ್ದಳು, ನಂತರ ಗಿಟಾರನ್ನು ಭಾವನ ಕೊರಳಿಗೆ ಹಾಕಿ ವೇದಿಕೆಯ ಪಕ್ಕಕ್ಕೆ ಹೋದಳು.

ಭಾವ ನುಡಿಸಿದರು. ಒಂದು ಹಾಡು, ಮಧ್ಯದಲ್ಲಿ ಒಮ್ಮೆ ಬೆರಳು ತಪ್ಪಿತು, ಸುಧಾರಿಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಮಗಳು ಅತ್ತಳು. ಇಷ್ಟನ್ನು ನಾನು ಖಚಿತವಾಗಿ ಹೇಳಬಲ್ಲೆ. ಉಳಿದ ಹೊತ್ತೆಲ್ಲ ನಾನು ನೋಡುತ್ತಿದ್ದದ್ದು ಅಕ್ಕನನ್ನು. ವೇದಿಕೆಯ ಬದಿಯ ಸ್ವಿಚ್‌ಬೋರ್ಡಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಮುಖ್ಯ ಸ್ವಿಚ್ಚಿನ ಮೇಲೆ ಹೆಬ್ಬೆರಳು ಇಟ್ಟು, ಭಾವನ ಬೆರಳುಗಳ ಮೇಲಿಂದ ಕಣ್ಣು ಕೀಳದೆ ಇದ್ದಳು. ಹಾಡು ಮುಗಿದು, ಅವರು ಗಿಟಾರು ಇಳಿಸಿ, ಎರಡು ಕೈಗಳನ್ನೂ ಎತ್ತಿ ಜನರಿಗೆ ಮುಗಿದ ಮೇಲೆ ಸ್ವಿಚ್ಚು ಆರಿಸಿದಳು.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕೂತಳು. ಎಲೆಗೆ ನೀರು ಚಿಮುಕಿಸಿ ಒರೆಸುತ್ತ ಕೇಳಿದಳು.

“ಯಾವ ಪಾಟ್ಟು ನುಡ್ಸಿದ್ರು?”

ನಾನು ಯೋಚಿಸಿದೆ. ಹಾಡು ಯಾವುದೆಂದು ನನಗೂ ಗೊತ್ತಿರಲಿಲ್ಲ. ಎದುರು ಸಾಲಿನಲ್ಲಿ ಭಾವ ಕೂತಿದ್ದರು. ಅಕ್ಕ ದನಿಯಿಲ್ಲದೆ, ತುಟಿಯಷ್ಟನ್ನೇ ಅಲ್ಲಾಡಿಸಿ ಅದೇ ಪ್ರಶ್ನೆಯನ್ನು ಅವರಿಗೆ ಕೇಳಿದಳು. ಅವರೂ ತುಟಿಯಲ್ಲೇ ಉತ್ತರ ಕೊಟ್ಟರು. ಅವಳು ತಲೆ ಆಡಿಸಿ ಅನ್ನಕ್ಕೆ ಕೈ ಹಾಕಿದಳು. ಲೂಮಿನ ಮನೆಯಲ್ಲಿ ನಾನು ಇದ್ದದ್ದು ಕಡಿಮೆ, ನನಗೆ ತಿಳಿಯಲಿಲ್ಲ.